ಗಂಧಕದ ಲೆಕ್ಕ

ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ಆಡುವ ಆಟಗಳೆಲ್ಲವೂ ಬರಿಯ ಕಾಲಹರಣವೆಂದು ಹಲವರ ಮತ. ಆದರೆ ನನ್ನ ಅಣ್ಣನ ಮಗನು ಆಡುವ ‘ರಸ್ಟ್’ ಎಂಬ ಆಟದಲ್ಲಿ ಜಮಾಖರ್ಚಿನ ಪಾಠವೂ ಉಂಟು. 2018ರಲ್ಲಿ ಪೂರ್ಣರೂಪದಿಂದ ಹೊರಬಂದ ಈ ಆಟದಲ್ಲಿ ಆಟಗಾರನು ಬರಿಗೈಯಿಂದ ತೊಡಗಿ ಮರ, ಕಲ್ಲು, ಗಂಧಕಗಳನ್ನು ಕೂಡಿಸಿ ಕೋಟೆಯಂಥ ಮನೆಯನ್ನು ಕಟ್ಟಿಕೊಳ್ಳಬೇಕು. ಇತರರ ಕೋಟೆಯನ್ನೊಡೆದು ಉಗ್ರಾಣವನ್ನು ಸೂರೆಮಾಡಲೂಬಹುದು.

ದಾಳಿಗೆ ಮೊದಲು ಹುಡುಗನು ವಹಿಯನ್ನು ಬಿಚ್ಚುತ್ತಾನೆ. ಅದರ ಪ್ರಕಾರ ಸಿಡಿಮದ್ದಿನ ಚೀಲವೊಂದಕ್ಕೆ 480 ಗಂಧಕ. ತಗಡಿನ ಬಾಗಿಲಿಗೆ ಅಂಥ ಚೀಲಗಳು 4, ಕಲ್ಲಿನ ಗೋಡೆಗೆ 10. ಎಂದರೆ ಬಾಗಿಲಿಗೆ 1920, ಗೋಡೆಗೆ 4800 ಗಂಧಕ. “ಕಾಕಾ, ಎರಡು ಬಾಗಿಲಾ ಒಡದರೂ ಒಂದು ಗ್ವಾಡಿಗಿಂತ ಸಸ್ತಾ ಆಗತೈತಿ ನೋಡ್ರಿ,” ಎನ್ನುತ್ತಾನೆ. ಒಳಗೆ ದೊರೆಯುವ ಸರಕು ಅಷ್ಟು ಬೆಲೆ ಬಾಳದಿದ್ದರೆ ಗೆದ್ದರೂ ನಷ್ಟವೇ. ಗಂಧಕವನ್ನು ಬಹುದಿನ ಕೂಡಿಟ್ಟರೆ ಆ ರಾಶಿಯ ಸುಳಿವು ಹಿಡಿದು ವೈರಿಗಳೇ ಮೊದಲು ಬರುವರಂತೆ.

ಈ ಕೊನೆಯ ಮಾತು ನಮ್ಮ ಸೀಮೆಗೆ ಹೊಸದಲ್ಲ. 1858ರಲ್ಲಿ ಮುಂಡರಗಿಯ ಭೀಮರಾಯರೂ ಹಮ್ಮಿಗಿಯ ಕೆಂಚನಗೌಡರೂ ಆಂಗ್ಲರ ಮೇಲೆ ಏಳಲು ಸಿದ್ಧರಾಗುತ್ತಿದ್ದಾಗ, ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳ ಸುಳಿವು ಸರಕಾರಕ್ಕೆ ಸಿಕ್ಕಿ ಅಲ್ಲಿ ಪಹರೆ ಬಿದ್ದಿತು. ಭೀಮರಾಯರು ಮೇ ತಿಂಗಳಲ್ಲಿ ಆ ಪಹರೆಯ ಮೇಲೆರಗಿ ಆಯುಧಗಳನ್ನು ಬಿಡಿಸಿಕೊಂಡರು. ಡಂಬಳದ ಖಜಾನೆಯನ್ನು ವಶಮಾಡಿಕೊಂಡರು. ಮುಂದೆ ನಡೆದು ಕೊಪ್ಪಳದ ಕೋಟೆಯನ್ನೂ ಹಿಡಿದರು. ಆಯುಧ, ಹಣ, ಕೋಟೆ ಎಲ್ಲವೂ ಕೆಲವೇ ದಿನಗಳಲ್ಲಿ ಕೈಸೇರಿದವು. ಆದರೆ ಕೋಟೆಯನ್ನು ಭದ್ರಪಡಿಸಿಕೊಳ್ಳಲು ಸಮಯ ದೊರೆಯಲಿಲ್ಲ. ಜೂನ್ 1ರಂದು ಮೇಜರ್ ಹ್ಯೂಸನ ಸೈನ್ಯವು ಒಳನುಗ್ಗಿತು. ಅದೇ ಹೊತ್ತಿಗೆ ನರಗುಂದದ ಮೇಲೂ ದಂಡು ಬಂದಿದ್ದುದರಿಂದ ಅಲ್ಲಿಂದ ನೆರವು ಬರುವಂತಿರಲಿಲ್ಲ. ಭೀಮರಾಯರೂ ಕೆಂಚನಗೌಡರೂ ಕೊಪ್ಪಳದಲ್ಲಿ ಕಾದಾಡಿ ಮಡಿದರು.

ಹಿಡಿಯುವುದಕ್ಕೆ ತಗಲುವ ವೆಚ್ಚ ಬೇರೆ, ಹಿಡಿದುದನ್ನು ಉಳಿಸಿಕೊಳ್ಳುವ ವೆಚ್ಚ ಬೇರೆ. ಹೊಲ ಕೊಂಡವರೂ ಮನೆ ಕಟ್ಟಿಸಿದವರೂ ಇದನ್ನು ಬಲ್ಲರು. ಹುಡುಗನ ವಹಿಯಲ್ಲಿ ಮೊದಲನೆಯದಷ್ಟೇ ಇದ್ದಿತು. ಕೊಪ್ಪಳದ ಕಥೆಯನ್ನು ಕೇಳಿದ ಬಳಿಕ ಎರಡನೆಯದಕ್ಕೂ ಒಂದು ಅಂಕಣವನ್ನು ಗೆರೆಯೆಳೆದು ಮಾಡಿಕೊಂಡನು. ಆಮೇಲೆ ಮೆಲ್ಲನೆ, “ಆಟದಾಗ ಸತ್ತರ ಮತ್ತ ಹುಟ್ಟತೇವ್ರಿ, ಅವರು ಹುಟ್ಟಲಿಲ್ಲಲ್ಲ?” ಎಂದನು. ಅದಕ್ಕೆ ಯಾವ ವಹಿಯಲ್ಲಿಯೂ ಅಂಕಣವಿಲ್ಲ.

ಗದಗಿನಿಂದ ರೈಲಿನಲ್ಲಿ ಹೊರಟರೆ ಕೊಪ್ಪಳದ ಕೋಟೆಯನ್ನು ನೋಡಿಕೊಂಡು ಅದೇ ದಿನ ಮರಳಬಹುದು. ಮನೆಯಲ್ಲಿ ಇಂಥ ಆಟವಾಡುವ ಮಕ್ಕಳಿದ್ದರೆ ರಜೆಯಲ್ಲೊಮ್ಮೆ ಅವರನ್ನು ಅಲ್ಲಿಗೆ ಕರೆದೊಯ್ಯುವುದು ಲೇಸು.