ತೋಟಾದ ಕುತ್ತಿಗೆ, ಕೊಡದ ಕುತ್ತಿಗೆ

ಹಿತ್ತಾಳೆ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕೊಡ. ಆಮೇಲೆ ಅಂಡೆ, ಚೊಂಬು, ದೀಪದ ಕಂಬ. ಬಂದೂಕಿನ ತೋಟಾ ಯಾರ ನೆನಪಿಗೂ ಬರುವುದಿಲ್ಲ. ಆದರೆ ರೈಫಲ್ಲಿನ ತೋಟಾದ ಚಿಪ್ಪೂ ಹಿತ್ತಾಳೆಯೇ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಕೊಡಕ್ಕೂ ತೋಟಾಕ್ಕೂ ಅನ್ವಯವಾಗುವ ನಿಯಮ ಒಂದೇ ಎಂದು ನನಗೆ ಕಲಿಸಿದವರು ನಮ್ಮ ಸೋದರಮಾವ. ಅವರು ಜನ್ಮದಲ್ಲಿ ಬಂದೂಕು ಹಿಡಿದವರಲ್ಲ.

ತಿರುಪ್ಪೂರಿನಿಂದ ಅವಿನಾಶಿ ಕಡೆ ಹೋಗುವ ರಸ್ತೆಯಲ್ಲಿ ಅನುಪ್ಪರ್‌ಪಾಳ್ಯ ಅಂತ ಇದೆ. ತಿರುಪ್ಪೂರು ಅಂದರೆ ಬನಿಯನ್ ಎಂದಷ್ಟೇ ಹೊರಗಿನವರಿಗೆ ಗೊತ್ತು. ಅನುಪ್ಪರ್‌ಪಾಳ್ಯ ಪಾತ್ರೆಗೆ ಹೆಸರಾದ ಊರು. ತಾಮ್ರ, ಹಿತ್ತಾಳೆಯ ತಗಡು ಕತ್ತರಿಸಿ, ಬಡಿದು, ಕಾಯಿಸಿ, ಮತ್ತೆ ಬಡಿದು, ಬೆಸೆದು, ಪಾಲಿಶ್ ಹಾಕಿ ಕೊಡ ಮಾಡುತ್ತಾರೆ. ಇಂಥ ಕೆಲಸದ ಮನೆಗೆ ನಾವು ಪಟ್ಟರೆ ಅನ್ನುತ್ತೇವೆ. ಮಾವ ಹುಡುಗನಾಗಿದ್ದಾಗಿನಿಂದ ಪಟ್ಟರೆಯಲ್ಲೇ ಬೆಳೆದವರು. ಮನೆಯಲ್ಲಿ ನಮ್ಮ ಕನ್ನಡ, ಪಟ್ಟರೆಯಲ್ಲಿ ತಮಿಳು. ಲೆಕ್ಕ ಮಾತ್ರ ಎರಡೂ ಕಡೆ ಬೆರಳಲ್ಲೇ.

ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ದೂರದ ಗುರಿಗೆ ರೈಫಲ್ ಹೊಡೆಯುವ ಹವ್ಯಾಸ. ಬೇಟೆಯಲ್ಲ, ಕಾಗದದ ಗುರಿ. ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಅಂಗಡಿಯ ತೋಟಾ ಸಾಲದು ಎಂದು ತನ್ನದನ್ನು ತಾನೇ ತುಂಬಿಕೊಳ್ಳುತ್ತಾನೆ. ತೋಟಾದಲ್ಲಿ ಇರುವುದು ನಾಲ್ಕೇ ವಸ್ತು: ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇವನ್ನೆಲ್ಲ ಹಿಡಿದಿಡುವ ಹಿತ್ತಾಳೆ ಚಿಪ್ಪು. ಹೊಡೆದ ಮೇಲೆ ಮೂರು ಮುಗಿದುಹೋಗುತ್ತವೆ, ಚಿಪ್ಪು ಉಳಿಯುತ್ತದೆ. ಅದನ್ನು ಹದ ಮಾಡಿ ಮತ್ತೆ ಮತ್ತೆ ಬಳಸಬಹುದು. ಗುರಿ ನೆಟ್ಟಗಿರುವುದು ಅರ್ಧ ಈ ಹದದಲ್ಲೇ ಎಂದು ಅವನು ಹೇಳುತ್ತಾನೆ.

ಒಂದು ದಿನ ಫೋನಿನಲ್ಲಿ ವಿಡಿಯೊ ಮಾಡಿ ಒಂದು ಚಿಪ್ಪನ್ನು ತೋರಿಸಿದ. ಬಾಯಿಂದ ಕೆಳಕ್ಕೆ ಕೂದಲೆಳೆಯಂಥ ಸೀಳು. "ಐದಾರು ಸಲ ಹೊಡೆದ ಮೇಲೆ ಕುತ್ತಿಗೇಲೇ ಬಿಡ್ತಾವೆ, ಒಂದೊಂದು ಸಲ ಗುಂಡೂ ಒಂದೊಂದು ಥರ ಹೋಗುತ್ತೆ" ಅಂದ. ಪಕ್ಕದಲ್ಲಿ ಕೂತಿದ್ದ ಮಾವ ಕನ್ನಡಕ ಏರಿಸಿ ನೋಡಿ ಕೇಳಿದರು: "ಏನ್ ಕಣ್ಣೂ, ನಡುವೆ ಕಾಯಿಸ್ತೀಯೋ ಇಲ್ವೋ?"

ಅವನು ಆವರೆಗೆ ಕಾಯಿಸಿರಲಿಲ್ಲ.

ಹಿತ್ತಾಳೆಯನ್ನು ತಣ್ಣಗಿರುವಾಗ ಬಡಿದರೆ, ಬಾಗಿಸಿದರೆ, ಹಿಗ್ಗಿಸಿದರೆ ಅದು ಗಡುಸಾಗುತ್ತಾ ಹೋಗುತ್ತದೆ. ಇನ್ನೂ ಬಡಿದರೆ ಬಿರಿಯುತ್ತದೆ. ಕೊಡದ ಕುತ್ತಿಗೆ ಎಳೆಯುವವರು ಅದಕ್ಕೇ ನಡುನಡುವೆ ಬೆಂಕಿಗೆ ಹಿಡಿಯುತ್ತಾರೆ. ಕಾದಾಗ ಲೋಹದೊಳಗಿನ ಹರಳುಗಳು ಹೊಸದಾಗಿ ಹುಟ್ಟಿಕೊಂಡು ಹಿತ್ತಾಳೆ ಮತ್ತೆ ಮೆತ್ತಗಾಗುತ್ತದೆ. ತೋಟಾದ ಕಥೆಯೂ ಇದೇ. ಹೊಡೆದಾಗ ಕುತ್ತಿಗೆ ಹಿಗ್ಗುತ್ತದೆ. ಮತ್ತೆ ತುಂಬುವ ಮೊದಲು ಉಕ್ಕಿನ ಅಚ್ಚಿಗೆ ಒತ್ತಿ ಅದನ್ನು ಕಿರಿದು ಮಾಡುತ್ತಾರೆ. ಹಿಗ್ಗು, ಕುಗ್ಗು, ಮತ್ತೆ ಹಿಗ್ಗು. ಪ್ರತಿ ಸಲವೂ ಗಡುಸು ಏರುತ್ತದೆ. ಒಂದು ಚಿಪ್ಪಿನ ಕುತ್ತಿಗೆ ಬಿಗಿ, ಇನ್ನೊಂದರದು ಸಡಿಲ ಆದರೆ ಗುಂಡನ್ನು ಬಿಡುವ ಗಳಿಗೆ ಬೇರೆ, ವೇಗ ಬೇರೆ. ದೂರದ ಗುರಿಯಲ್ಲಿ ಒಂದು ಮೇಲೆ, ಒಂದು ಕೆಳಗೆ.

ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ತೋರಿಸಬಹುದು. ಬಂದೂಕೂ ಬೇಡ, ತೋಟಾವೂ ಬೇಡ. ದಪ್ಪ ತಾಮ್ರದ ತಂತಿ ಒಂದು ಗೇಣು ಸಾಕು. ಮಕ್ಕಳ ಕೈಲಿ ಹತ್ತು ಸಲ ಬಾಗಿಸಿ. ತಂತಿ ಬಿರುಸಾಗುವುದು ಅವರ ಬೆರಳಿಗೇ ತಿಳಿಯುತ್ತದೆ. ಆಮೇಲೆ ನೀವೇ ಇಕ್ಕಳದಲ್ಲಿ ಹಿಡಿದು ಒಲೆಯಲ್ಲಿ ಕೆಂಪಾಗುವವರೆಗೆ ಕಾಯಿಸಿ, ನೀರಿಗೆ ಅದ್ದಿ ಕೊಡಿ. ಮತ್ತೆ ಮೆತ್ತಗಿರುತ್ತದೆ. ಕಾದ ಉಕ್ಕಿನ ಉಳಿಯನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರ ಹಿತ್ತಾಳೆ ಹಾಗಲ್ಲ. ಬೇಗ ಆರಿಸಿದರೂ ನಿಧಾನ ಆರಿಸಿದರೂ ಮೆತ್ತಗೇ. ಕಮ್ಮಾರನ ಪಾಠ ಬೇರೆ, ಕಂಚುಗಾರನ ಪಾಠ ಬೇರೆ.

ಮಾವ ಇಷ್ಟು ಹೇಳಿ, "ಎಲ್ಲಾನೂ ಒಟ್ಟಿಗೆ ಬೆಂಕಿಗೆ ಹಾಕು, ಆಗೋಯ್ತು" ಅಂದರು. ಹುಡುಗ ಗಾಬರಿಬಿದ್ದ. "ಅಯ್ಯೋ ತಾತಾ, ಬುಡ ಮೆತ್ತಗಾದ್ರೆ ಕಣ್ಣೇ ಹೋಗುತ್ತೆ!" ಅವನ ಮಾತೂ ನಿಜ. ಅವನ .308 ರೈಫಲ್ಲಿನಲ್ಲಿ ಮದ್ದು ಉರಿದಾಗ ಚದರ ಇಂಚಿಗೆ 60,000 ಪೌಂಡಿನ ಆಸುಪಾಸು ಒತ್ತಡ ಬರುತ್ತದೆ. ಲಾರಿ ಟೈರಿನ ಗಾಳಿ ಸುಮಾರು 120 ಅಂತ ಇಟ್ಟುಕೊಂಡರೆ ಅದರ ಐನೂರರಷ್ಟು. ಆ ಒತ್ತಡಕ್ಕೆ ಎದೆ ಕೊಡುವುದು ಚಿಪ್ಪಿನ ಬುಡ. ಕಾರ್ಖಾನೆಯವರು ಬುಡವನ್ನು ಬೇಕೆಂದೇ ಗಡುಸಾಗಿ ಬಿಟ್ಟಿರುತ್ತಾರೆ. ಅದು ಮೆತ್ತಗಾಗಿ ಒಡೆದರೆ ಕಾದ ಅನಿಲ ಹೊಡೆಯುವವನ ಮುಖದ ಕಡೆಗೇ ನುಗ್ಗಬಹುದು. ಕೊಡದಲ್ಲಿ ಎಲ್ಲ ಕಡೆ ಮೆದುವಾದರೆ ನಷ್ಟವಿಲ್ಲ. ತೋಟಾದಲ್ಲಿ ಕುತ್ತಿಗೆ, ಹೆಗಲು ಮೆತ್ತಗಿರಬೇಕು, ಬುಡ ಗಟ್ಟಿಯಿರಬೇಕು. ಎರಡು ಇಂಚಿನ ಚಿಪ್ಪಿನಲ್ಲಿ ಎರಡು ಹದ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ತಟ್ಟೇಲಿ ಅರ್ಧಕ್ಕೆ ನೀರು ಹಾಕಿ ನಿಲ್ಸು. ನೀರಿರೋ ತನಕ ಬುಡ ಕಾಯಲ್ಲ" ಅಂದರು. ಹುಡುಗ ನಕ್ಕುಬಿಟ್ಟ. ಅಲ್ಲಿ ಹಳಬರು ಮಾಡುತ್ತಿದ್ದುದೂ ಅದೇ ಅಂತೆ. ಈಗ ಅದಕ್ಕೂ ಯಂತ್ರ ಬಂದಿದೆ. ಎಷ್ಟು ಕಾಯಿಸಬೇಕು ಎಂಬುದಕ್ಕೆ ಮಾವನ ಉತ್ತರ: "ದೀಪ ಆರಿಸಿ ನೋಡು. ಕತ್ತಲಲ್ಲಿ ಕೆಂಪು ಹುಟ್ಟೋದು ಕಂಡ ತಕ್ಷಣ ತೆಗೀಬೇಕು. ಬೆಳಕಲ್ಲೇ ಕೆಂಪು ಕಂಡ್ರೆ ಸುಟ್ಟೋಯ್ತು ಅಂತ್ಲೇ ಲೆಕ್ಕ." ಅತಿಯಾಗಿ ಕಾದ ಕುತ್ತಿಗೆಗೆ ಗುಂಡನ್ನು ಹಿಡಿಯುವ ಬಿಗಿ ಉಳಿಯುವುದಿಲ್ಲ.

ಮಿಕ್ಕ ಕೆಲಸವೆಲ್ಲ ತಾಳ್ಮೆಯದು. ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು. ಬುಡದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಅಲ್ಲಿ ಗೋಡೆ ತೆಳುವಾಗಿದೆ ಎಂಬ ಅನುಮಾನ. ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗೆ ಇಳಿಸಿ ಗೋಡೆಯ ಮೇಲೆ ಎಳೆಯುತ್ತಾನೆ. ಆ ಜಾಗದಲ್ಲಿ ತುದಿ ಸಿಕ್ಕಿಕೊಂಡರೆ ಚಿಪ್ಪು ಗುಜರಿಗೆ. ಹಳೆಯ ಕೇಪು ತೆಗೆದು ಮಸಿ ಕೆರೆಯುವುದು, ಎಣ್ಣೆಯ ಪಸೆ ಸವರಿ ಅಚ್ಚಿಗೆ ಒತ್ತುವುದು, ಆಮೇಲೆ ಉದ್ದ ಅಳೆಯುವುದು. ಹೊಡೆದಂತೆಲ್ಲ ಚಿಪ್ಪು ಉದ್ದವಾಗುತ್ತದೆ. .308ಕ್ಕೆ 51.18 ಮಿಲಿಮೀಟರ್ ಕಡೆಯ ಮಿತಿ. ಮೀರಿದರೆ ಚಿಪ್ಪಿನ ಬಾಯಿ ನಳಿಗೆಗೆ ಒತ್ತಿಕೊಂಡು ಗುಂಡನ್ನು ಅಮುಕುತ್ತದೆ, ಒತ್ತಡ ಅಪಾಯಕ್ಕೆ ಏರುತ್ತದೆ. ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಬಾಯಿಯ ಒಳಗೂ ಹೊರಗೂ ಚೂಪು ತೆಗೆದು, ತೂಗಿ, ಸಮ ತೂಕದವನ್ನು ಒಂದು ಡಬ್ಬಿಗೆ ಹಾಕುತ್ತಾನೆ. ಸಂಜೆಯೆಲ್ಲಾ ಕೂತರೂ ಐವತ್ತು ಆಗುವುದಿಲ್ಲವಂತೆ.

ತೊಳೆಯುವ ವಿಷಯದಲ್ಲಿ ನಮ್ಮ ಅಕ್ಕನೂ ಬಾಯಿ ಹಾಕಿದಳು: "ಹುಣಸೇಹಣ್ಣು ಹಾಕೋ!" ಹುಳಿ ತಪ್ಪಲ್ಲ, ಅವರೂ ನಿಂಬೆಯ ಹುಳಿಯಂಥ ಸಿಟ್ರಿಕ್ ಆಮ್ಲವನ್ನು ತೆಳುವಾಗಿ ಬಳಸುತ್ತಾರೆ. ಹೆಚ್ಚು ಹೊತ್ತು ಬಿಟ್ಟರೆ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಅಮೋನಿಯಾ ಇರುವ ಪಾಲಿಶ್ ಮಾತ್ರ ಮುಟ್ಟಬಾರದು.

ಇದರ ಹಿಂದೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಹೊಡೆಯದೆ ಇಟ್ಟ ಹೊಸ ತೋಟಾಗಳೇ ತಾವಾಗಿ ಸೀಳುತ್ತಿದ್ದವು. ಮಳೆಗಾಲ ಕಳೆದರೆ ಸೀಳುವುದೂ ನಿಲ್ಲುತ್ತಿತ್ತು. ಅದಕ್ಕೇ ಇಂಗ್ಲಿಷಿನಲ್ಲಿ ಇದಕ್ಕೆ ಋತುವಿನ ಬಿರುಕು ಎಂಬ ಅರ್ಥದ ಹೆಸರು. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು 1921ರಲ್ಲಿ ಇದನ್ನು ಬಿಡಿಸಿ ಹೇಳಿದರು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಚಿಪ್ಪನ್ನು ಒತ್ತಿ ಮಾಡುವಾಗ ಹಿತ್ತಾಳೆಯೊಳಗೆ ಉಳಿದುಹೋದ ಬಿಗುವು ಈ ಮೂರೂ ಕೂಡಿದಾಗ ಬಿರುಕು. ಹಿತ್ತಾಳೆ ಮೆತ್ತಗಾಗದಷ್ಟು ಹದವಾಗಿ ಬಿಸಿ ಮಾಡಿದರೆ ಆ ಬಿಗುವು ಇಳಿಯುತ್ತದೆ, ಬಿರುಕು ನಿಲ್ಲುತ್ತದೆ. ಇದನ್ನು ನಾನು ಓದಿ ಹೇಳಿದಾಗ ಮಾವ ಆಶ್ಚರ್ಯಪಡಲಿಲ್ಲ. "ಕೊಟ್ಟಿಗೇಲಿ ಹಿತ್ತಾಳೆ ಇಡಬ್ಯಾಡಿ ಅಂತ ನಮ್ಮಪ್ಪ ಬಯ್ತಿದ್ರಲ್ಲ" ಅಂದರು.

ಒಂದು ಎಚ್ಚರಿಕೆ ಹೇಳಲೇಬೇಕು, ಓದುವವರಲ್ಲಿ ಹುಡುಗರೂ ಇರುತ್ತಾರೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ತೋಟಾದ ಬಿಡಿಭಾಗಗಳೂ ಆ ಕಾಯ್ದೆಯೊಳಗೇ ಬರುತ್ತವೆ. ಎನ್‌ಸಿಸಿ ಹುಡುಗರು ಹೊಡೆದ ಮೇಲೆ ಖಾಲಿ ಚಿಪ್ಪು ಹೆಕ್ಕಿ ಎಣಿಸಿ ಒಪ್ಪಿಸುವುದನ್ನು ಮೇಷ್ಟ್ರುಗಳು ನೋಡಿರುತ್ತೀರಿ. ಅವರ .22 ಚಿಪ್ಪಿನಲ್ಲಿ ಕೇಪಿನ ಮದ್ದು ಅಂಚಿನೊಳಗೇ ಇರುತ್ತದೆ, ಹೊಡೆದರೆ ಅಂಚು ನಜ್ಜಿಹೋಗುತ್ತದೆ, ಮತ್ತೆ ತುಂಬುವಂಥದ್ದಲ್ಲ. ಎಲ್ಲಾದರೂ ಚಿಪ್ಪು ಸಿಕ್ಕರೆ ಆಟಕ್ಕೆ ಇಟ್ಟುಕೊಳ್ಳದೆ ಪೊಲೀಸರಿಗೆ ತಿಳಿಸಿ.

ನನಗೆ ಇದರಲ್ಲಿ ದೊಡ್ಡದಾಗಿ ಕಂಡದ್ದು ಬಂದೂಕಲ್ಲ. ಸ್ಟೀಲು, ಪ್ಲಾಸ್ಟಿಕ್ಕು ಬಂದ ಮೇಲೆ ಹಿತ್ತಾಳೆ ಕೊಡ ಮದುವೆಯ ಸೀರು ವರಿಸೆಗೆ ಮಾತ್ರ ಉಳಿದಿದೆ. ಮಾವನ ಮಕ್ಕಳಿಬ್ಬರೂ ಬನಿಯನ್ ಕಂಪನಿಯಲ್ಲಿದ್ದಾರೆ. ಪಟ್ಟರೆಯ ಕೂಲಿಯಲ್ಲಿ ಸಂಸಾರ ಸಾಗುವುದು ಕಷ್ಟ, ಅವರನ್ನು ತಪ್ಪೆನ್ನಲಾರೆ. ಕತ್ತಲಲ್ಲಿ ಕೆಂಪು ಹುಟ್ಟುವ ಗಳಿಗೆಯನ್ನು ಕಾಣುವ ಕಣ್ಣು ಮಾವನ ಜತೆಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಅದಕ್ಕೆ ಬೆಲೆ ಇದೆ ಎಂದು ಮನೆಯಲ್ಲೇ ಯಾರೂ ಅವರಿಗೆ ಹೇಳಿರಲಿಲ್ಲ.

ಎರಡು ತಿಂಗಳ ಮೇಲೆ ಹುಡುಗ ಒಂದು ಕಾಗದದ ಗುರಿಯ ಫೋಟೊ ಕಳಿಸಿದ. ಐದು ತೂತು, ಒಂದರ ಮಗ್ಗುಲಿಗೊಂದು, ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ. ಕೆಳಗೆ ತಾತನ ಹೆಸರು ಬರೆದಿದ್ದ. ಮಾವ ಅದನ್ನು ಪ್ರಿಂಟ್ ಹಾಕಿಸಿ ತರಲು ಹೇಳಿದರು. ಈಗ ಅದು ಪಟ್ಟರೆಯ ಗೋಡೆಯಲ್ಲಿ, ಸುತ್ತಿಗೆ ತೂಗುಹಾಕುವ ಮೊಳೆಯ ಪಕ್ಕದಲ್ಲಿದೆ. ಕೇಳಿದವರಿಗೆಲ್ಲ ಮಾವ ಹೇಳುವುದು ಇಷ್ಟೇ: "ಹುಡುಗ ಹೊಡೆದದ್ದು. ಹಿತ್ತಾಳೆ ಹದ ನಮ್ಮದು."