ಹಂದ್ರಿ ದಂಡೆಯಿಂದ ಅಕ್ಕನಿಗೆ

ಗೋನೆಗಂಡ್ಲ,
ಭಾನುವಾರ ರಾತ್ರಿ

ಅಕ್ಕ,

ಸುಖವಾಗಿ ಬಂದು ಮುಟ್ಟಿದೆ. ಆದೋನಿಯಲ್ಲಿ ಬಸ್ಸು ಬದಲಿಸಿ, ಎಮ್ಮಿಗನೂರಲ್ಲಿ ಒಂದು ದಿನ ಇದ್ದು, ನಿನ್ನೆ ಸಂಜೆ ಇಲ್ಲಿಗೆ ಬಂದೆ. "ಆ ಕಡೆ ನೋಡಾಕೆ ಏನೈತೆ?" ಅಂತ ನೀನು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೆಯಲ್ಲ, ಉತ್ತರ ಈಗ ಬರೆಯುತ್ತಿದ್ದೇನೆ.

ಹೋದ ವರ್ಷ ಮಗನ ಮನೆಗೆಂದು ಸ್ಟಾಕ್‌ಹೋಮ್‌ಗೆ ಹೋಗಿ ಬಂದ ನೀನು ವಾರಗಟ್ಟಲೆ ನೊಬೆಲ್ ಮಾತೇ ಆಡುತ್ತಿದ್ದೆ. ಒಂಬತ್ತನೇ ವಯಸ್ಸಿಗೇ ಊರು ಬಿಟ್ಟ ಹುಡುಗ, ಮುಂದೆ 1895ರಲ್ಲಿ ಬರೆದಿಟ್ಟ ಒಂದು ಉಯಿಲಿನಿಂದ ಹುಟ್ಟೂರಿನ ಹೆಸರನ್ನು ಲೋಕದ ಬಾಯಲ್ಲಿ ನಿಲ್ಲಿಸಿದ. ನಮ್ಮ ಸರ್ ಸಿ.ವಿ. ರಾಮನ್ 1930ರಲ್ಲಿ ಬಹುಮಾನ ಪಡೆದದ್ದೂ ಅದೇ ಊರಿನಲ್ಲಿ. "ಒಬ್ಬ ಮನುಷ್ಯ ಊರಿಗೆ ಇಷ್ಟು ಹೆಸರು ತರ್ತಾನಾ!" ಅಂದಿದ್ದೆ. ಈ ಕೆಂಪು, ಕಪ್ಪು ನೆಲದಲ್ಲಿ ಓಡಾಡುವಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ.

ಎಮ್ಮಿಗನೂರಿನ ಮಾಚಾನಿ ಸೋಮಪ್ಪನವರ ಹೆಸರು ನೀನು ಕೇಳಿರಲಾರೆ. ನಾವಂತೂ ಕೇಳಿರಬೇಕಿತ್ತು, ಅಕ್ಕ. ಅವರು ಅಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ್ದು 1938ರಲ್ಲಿ; ಆಗ ಎಮ್ಮಿಗನೂರು ನಮ್ಮ ಬಳ್ಳಾರಿ ಜಿಲ್ಲೆಯದೇ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದದ್ದು 1953ರ ಅಕ್ಟೋಬರ್ 1ಕ್ಕೆ. ಮಗ್ಗ ಮನೆಯಲ್ಲೇ ಇದ್ದರೂ ನೂಲಿಗೆ ಸಾಹುಕಾರನ ಬಾಗಿಲಿಗೆ ಹೋಗಬೇಕು, ನೇಯ್ದ ಬಟ್ಟೆಯನ್ನು ಅವನು ಹೇಳಿದ ಬೆಲೆಗೆ ಕೊಡಬೇಕು: ನೇಕಾರನ ಬಾಳು ಹೀಗೇ ಸವೆಯುತ್ತಿತ್ತು. ಸಂಘವೇ ನೂಲು ಕೊಟ್ಟು, ಸಂಘವೇ ಬಟ್ಟೆ ಮಾರಿದರೆ ಆ ಗಂಟು ಬಿಚ್ಚುತ್ತದೆ. ಪದ್ಮಶ್ರೀ ಶುರುವಾದ 1954ರಲ್ಲೇ ಸೋಮಪ್ಪನವರಿಗೆ ಅದು ಸಂದಿತು. ಎಮ್ಮಿಗನೂರು ದುಪ್ಪಟಿ ಎಂದು ಹೆಸರಾದದ್ದರ ಹಿಂದೆ ಇಷ್ಟೆಲ್ಲ ಇದೆ. ನೇಕಾರರ ಓಣಿಯಲ್ಲಿ ಒಬ್ಬ ಅಜ್ಜಿ ನನ್ನ ತೊದಲು ತೆಲುಗು ಕೇಳಿ, "ಕನ್ನಡದಾಗೇ ಮಾತಾಡಪ್ಪ" ಅಂದಳು. ನನಗೆ ಗಂಟಲು ಕಟ್ಟಿತು.

ಇವತ್ತು ಬೆಳಿಗ್ಗೆ ಗಾಜುಲದಿನ್ನೆ ಜಲಾಶಯ ನೋಡಿದೆ. ಗಾಜುಲು ಎಂದರೆ ಬಳೆ, ದಿನ್ನೆಯಂತೂ ನಮ್ಮದೇ ಮಾತು. ಹಂದ್ರಿ ನದಿಗೆ ಅಡ್ಡ ಕಟ್ಟಿದ ಒಡ್ಡು. ಈ ಹಂದ್ರಿಯೇ ಮುಂದೆ ಕರ್ನೂಲಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಜಲಾಶಯಕ್ಕೆ ದಾಮೋದರಂ ಸಂಜೀವಯ್ಯನವರ ಹೆಸರಿಟ್ಟಿದ್ದಾರೆ. ಕರ್ನೂಲಿನ ಪಕ್ಕದ ಪೆದ್ದಪಾಡು ಎಂಬ ಹಳ್ಳಿಯಲ್ಲಿ 1921ರಲ್ಲಿ, ಬಡ ದಲಿತರ ಮನೆಯಲ್ಲಿ ಹುಟ್ಟಿದವರು. 1960ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ದೇಶದಲ್ಲೇ ಆ ಕುರ್ಚಿಯಲ್ಲಿ ಕೂತ ಮೊದಲ ದಲಿತ. ಆಗಿನ್ನೂ ನಲವತ್ತು ತುಂಬಿರಲಿಲ್ಲ. 1953ರಿಂದ ಮೂರು ವರ್ಷ ಕರ್ನೂಲು ಆಂಧ್ರದ ರಾಜಧಾನಿಯಾಗಿತ್ತು, ಆ ಪಟ್ಟ ಹೈದರಾಬಾದಿಗೆ ಹೋಯಿತು. ಸಂಜೀವಯ್ಯನವರು ತಂದ ಹೆಸರನ್ನು ಮಾತ್ರ ಯಾರೂ ಒಯ್ಯಲಾರರು.

ನೀರಿಗೆ ಅವರ ಹೆಸರಿಟ್ಟದ್ದು ಎಷ್ಟು ಸರಿ ಎಂದು ಚಹಾದಂಗಡಿಯಲ್ಲಿ ತಿಳಿಯಿತು. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಮಕ್ಕಳುಮರಿ ಕಟ್ಟಿಕೊಂಡು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುತ್ತಾರೆ. ಅದಕ್ಕೆ ಇಲ್ಲಿಯವರು ಹೇಳುವುದು "ಸುಗ್ಗಿಗೆ ಹೋಗೋದು" ಅಂತ. ನಮಗೆ ಸುಗ್ಗಿ ಎಂದರೆ ಮನೆ ತುಂಬುವುದು. ಇವರಿಗೆ ಮನೆಗೆ ಬೀಗ ಬೀಳುವುದು. ಆ ಶಬ್ದ ಕೇಳಿದ ಮೇಲೆ ಚಹಾ ರುಚಿಸಲಿಲ್ಲ.

ನಾಳೆ ಆಲೂರಿನ ಆಚೆ ಚಿಪ್ಪಗಿರಿಗೆ ಹೊರಟಿದ್ದೇನೆ. ಮಾನ್ವಿ ಕಡೆಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು 1755ರಲ್ಲಿ ಕಣ್ಣುಮುಚ್ಚಿದ್ದು ಅಲ್ಲಿ. ಅಂಥ ಸಣ್ಣ ಊರಿಗೆ ಕಾರ್ತಿಕ ಶುದ್ಧ ದಶಮಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅವರ ಸುಳಾದಿಗಳನ್ನು ಹಾಡುತ್ತಾರೆ.

ಅಮ್ಮನಿಗೆ ಒಂದು ದುಪ್ಪಟಿ ತೆಗೆದುಕೊಂಡಿದ್ದೇನೆ, ನೀಲಿ ಅಂಚಿನದು. ಅವಳು ಶುಕ್ರವಾರ ಹೇಳುವ ದುರ್ಗಾ ಸುಳಾದಿ ಬರೆದ ದಾಸರ ಊರಿಗೇ ಹೊರಟಿದ್ದೇನೆ ಎಂದು ಹೇಳು. ಅಲ್ಲಿಂದ ಫೋನ್ ಮಾಡುತ್ತೇನೆ. ನೀನು ಕಿವಿಗೆ ಹಿಡಿದರೆ ಅವಳೂ ಹಾಡು ಕೇಳಿಯಾಳು.

ಇಂತಿ ನಿನ್ನ ತಮ್ಮ