ಗಾಳಿ ಹಿಡಿದ ಕುಂಚ

ಕುಂಚ ಎಷ್ಟೇ ನಯವಾಗಿದ್ದರೂ ತಾನು ಹಾದುಹೋದ ದಾರಿಯಲ್ಲಿ ಕೂದಲಿನ ಗೆರೆಗಳನ್ನು ಉಳಿಸಿಯೇ ಹೋಗುತ್ತದೆ. ಮೇಲ್ಮೈಯನ್ನು ಮುಟ್ಟದೆ, ಗಾಳಿಯ ಬಲದಿಂದಲೇ ಬಣ್ಣ ಹಚ್ಚುವ, ಪೆನ್ನಿನಂತೆ ಬೆರಳುಗಳ ನಡುವೆ ಕೂರುವ ಉಪಕರಣವೇ ಏರ್‌ಬ್ರಷ್. ಅದರೊಳಗಿನ ಉದ್ದನೆಯ ಉಕ್ಕಿನ ಸೂಜಿಯ ತುದಿ ನಾಝಲ್ ಎಂಬ ಸಣ್ಣ ಮೂತಿಯನ್ನು ಮುಚ್ಚಿಕೊಂಡಿರುತ್ತದೆ. ಸೂಜಿ ಹಿಂದೆ ಸರಿದಾಗ ಮೂತಿ ತೆರೆದುಕೊಂಡು, ಅದರ ಸುತ್ತ ರಭಸದಿಂದ ನುಗ್ಗುವ ಗಾಳಿ ಅಲ್ಲಿನ ಒತ್ತಡವನ್ನು ತಗ್ಗಿಸಿ, ಬಣ್ಣವನ್ನು ಹೊರಗೆಳೆದು ಮಂಜಿನಂತೆ ಚದುರಿಸುತ್ತದೆ. 1870ರ ದಶಕದಲ್ಲಿ ಅಮೆರಿಕದ ಅಯೋವಾದ ಅಬ್ನರ್ ಪೀಲರ್ ಮಾಡಿದ ಒರಟು ಸಲಕರಣೆಯಿಂದ ಮೊದಲ್ಗೊಂಡ ಈ ಉಪಕರಣಕ್ಕೆ 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಕೊಟ್ಟ ರೂಪವೇ ಬಹುಮಟ್ಟಿಗೆ ಇಂದಿಗೂ ಉಳಿದಿದೆ.

ಈ ಮಂಜಿನ ಬೆಲೆ ತಿಳಿಯುವುದು ಪುಟ್ಟ ವಿಮಾನಗಳ ಪ್ಲಾಸ್ಟಿಕ್ ಮಾದರಿಗೆ ಬಣ್ಣ ಹಚ್ಚುವಾಗ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿ, ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿ, 1961ರಲ್ಲಿ ಮೊದಲು ಹಾರಿದ ಎಚ್‌ಎಫ್-24 ಮಾರುತ್ ವಿಮಾನವನ್ನೇ ತೆಗೆದುಕೊಂಡರೆ (ಹೆಸರೇ ಗಾಳಿಯದು ಎಂಬುದು ಇಲ್ಲಿನ ಸೊಗಸು), ಅದರ ಒಂಬತ್ತು ಮೀಟರ್ ರೆಕ್ಕೆ 72ರಲ್ಲೊಂದು ಪ್ರಮಾಣದ ಮಾದರಿಯಲ್ಲಿ ಹನ್ನೆರಡೂವರೆ ಸೆಂಟಿಮೀಟರ್ ಆಗುತ್ತದೆ. ನಿಜವಾದ ವಿಮಾನದ ಮೈಮೇಲೆ ಹಸಿರೂ ಕಂದೂ ಏಳು ಸೆಂಟಿಮೀಟರ್ ಅಗಲದಲ್ಲಿ ಒಂದರೊಳಗೊಂದು ಕರಗಿದ್ದರೆ ಮಾದರಿಯಲ್ಲಿ ಆ ಕರಗುವಿಕೆಗೆ ಸಿಗುವುದು ಒಂದು ಮಿಲಿಮೀಟರ್ ಜಾಗ ಮಾತ್ರ. ಆ ಒಂದು ಮಿಲಿಮೀಟರಿಗಾಗಿಯೇ ಹವ್ಯಾಸಿ ಸಾವಿರಾರು ರೂಪಾಯಿ ಖರ್ಚು ಮಾಡುತ್ತಾನೆ, ಮನೆಯವರು ಅವನಿಗೆ ಗಾಳಿ ಹಿಡಿದಿದೆ ಎನ್ನುತ್ತಾರೆ. ಇಬ್ಬರಲ್ಲೂ ತಪ್ಪು ಹುಡುಕುವುದು ಕಷ್ಟ.

ಏರ್‌ಬ್ರಷ್‌ಗಳಲ್ಲಿ ಎರಡು ಬಗೆ. ಸಿಂಗಲ್ ಆ್ಯಕ್ಷನ್ ಬಗೆಯಲ್ಲಿ ಗುಂಡಿ ಒತ್ತಿದರೆ ಗಾಳಿಯೂ ಬಣ್ಣವೂ ಒಟ್ಟಿಗೆ ಹೊರಡುತ್ತವೆ. ಡಬಲ್ ಆ್ಯಕ್ಷನ್ ಬಗೆಯಲ್ಲಿ ಗುಂಡಿ ಕೆಳಗೊತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ ಬರುವುದರಿಂದ ಗೆರೆಯ ದಪ್ಪವೆಲ್ಲ ಒಂದೇ ಬೆರಳಿನ ಅಧೀನದಲ್ಲಿರುತ್ತದೆ. ಕಲಿಯಲು ಒಂದೆರಡು ವಾರ ಹೆಚ್ಚು ಹಿಡಿದರೂ ಎರಡನೆಯದನ್ನೇ ಕೊಳ್ಳುವುದು ಲೇಸು, ಏಕೆಂದರೆ ಮೊದಲನೆಯದನ್ನು ಕೊಂಡವರಲ್ಲಿ ಬಹುಮಂದಿ ಕೊನೆಗೆ ಎರಡನ್ನೂ ಕೊಳ್ಳುತ್ತಾರೆ. ಬಣ್ಣದ ಬಟ್ಟಲು ಮೇಲಿದ್ದರೆ ಬಣ್ಣ ತನ್ನ ತೂಕದಿಂದಲೇ ಇಳಿಯುವುದರಿಂದ ಕಡಿಮೆ ಒತ್ತಡ ಸಾಕಾಗುತ್ತದೆ. ಮೂತಿಯ ಅಳತೆಯಲ್ಲಿ 0.2 ಮಿಲಿಮೀಟರಿನದು ಬೇಗ ಕಟ್ಟಿಕೊಳ್ಳುತ್ತದೆ, 0.5ರದು ಅಗಲವಾಗಿ ಚೆಲ್ಲುತ್ತದೆ. ಹೊಸಬರ ಕೈಗೆ 0.3 ಆಸುಪಾಸಿನದು ಹೊಂದುತ್ತದೆ.

ಇಷ್ಟೆಲ್ಲ ವಿಚಾರಿಸಿ ಏರ್‌ಬ್ರಷ್ ಆರಿಸಿದವರು ಗಾಳಿಯ ವಿಷಯಕ್ಕೆ ಬಂದಾಗ ಉದಾಸೀನರಾಗುವುದು ಈ ಹವ್ಯಾಸದ ಹಳೆಯ ದೌರ್ಬಲ್ಯ. ಏರ್‌ಬ್ರಷ್‌ಗೆ ಗಾಳಿಯನ್ನು ಒತ್ತಿ ಕಳಿಸುವ ಯಂತ್ರವೇ ಕಂಪ್ರೆಸರ್. ಗಾಳಿ ಕೂಡಿಡುವ ಟ್ಯಾಂಕ್ ಇಲ್ಲದ ಅಗ್ಗದ ಕಂಪ್ರೆಸರಿನಲ್ಲಿ ರಬ್ಬರಿನ ಪೊರೆಯೋ ಪಿಸ್ಟನ್ನೋ ಮಾಡಿದ ಪ್ರತಿಯೊಂದು ಬಡಿತವೂ ಕೊಳವೆಯುದ್ದಕ್ಕೂ ಹರಿದು ಬರುತ್ತದೆ. ಬಿಳಿ ಕಾಗದದ ಮೇಲೆ ಎಳೆದ ಸಣ್ಣ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ಒಮ್ಮೆ ಗಾಢವಾಗಿ ಒಮ್ಮೆ ತೆಳುವಾಗಿ, ಮಣಿಸರದಂತೆ ಗಂಟುಗಂಟಾಗಿ ಕಾಣುತ್ತದೆ. ಹವ್ಯಾಸಿ ತನ್ನ ಕೈ ನಡುಗಿತೆಂದು ಕೊರಗುತ್ತಾನೆ, ನಡುಗಿದ್ದು ಗಾಳಿ. ಮೂರು ಲೀಟರಿನ ಸಣ್ಣ ಟ್ಯಾಂಕ್ ಇದ್ದರೂ ಈ ಬಡಿತ ಅದರಲ್ಲೇ ಅಡಗಿ, ಹೊರಬರುವ ಗಾಳಿ ಸಮನಾಗಿರುತ್ತದೆ. ಟ್ಯಾಂಕ್ ತುಂಬಿದೊಡನೆ ಯಂತ್ರ ತಾನೇ ನಿಲ್ಲುವುದರಿಂದ ಅಪಾರ್ಟ್‌ಮೆಂಟಿನ ನೆರೆಹೊರೆಯವರೊಡನೆ ಸೌಹಾರ್ದವೂ ಉಳಿಯುತ್ತದೆ. ಟ್ಯಾಂಕಿನೊಳಗಿನ ಒತ್ತಡ ಎಷ್ಟೇ ಇರಲಿ, ರೆಗ್ಯುಲೇಟರ್ ಎಂಬ ತಿರುಪು ಅದನ್ನು ಕೆಲಸಕ್ಕೆ ಬೇಕಾದಷ್ಟಕ್ಕೆ, ಪುಟ್ಟ ಮಾದರಿಗಳಿಗಾದರೆ 15ರಿಂದ 20 ಪಿಎಸ್‌ಐಗೆ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡಿಗೆ, ಇಳಿಸಿಕೊಡುತ್ತದೆ. ಗ್ಯಾರೇಜಿನ ದೊಡ್ಡ ಕಂಪ್ರೆಸರ್ ಕೂಡ ರೆಗ್ಯುಲೇಟರ್ ಇದ್ದರೆ ಈ ಕೆಲಸ ಮಾಡಬಲ್ಲದು, ಆದರೆ ಅದರ ಆರ್ಭಟದ ನಡುವೆ ಒಂದು ಮಿಲಿಮೀಟರಿನ ಮೇಲೆ ಮನಸ್ಸಿಡುವುದು ಋಷಿಗಳಿಗೆ ಮಾತ್ರ ಸಾಧ್ಯ.

ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ, ಟ್ಯಾಂಕಿನಲ್ಲಿ ತಣ್ಣಗಾಗುವಾಗ ಅದರಲ್ಲಿದ್ದ ಆವಿ ನೀರಾಗುತ್ತದೆ. ಈ ನೀರು ತಡೆಯಿಲ್ಲದೆ ಕೊಳವೆಗಿಳಿದರೆ ಆಗತಾನೇ ಹಚ್ಚಿದ ಬಣ್ಣದ ಮೇಲೆ ಹನಿಯಾಗಿ ಸಿಡಿಯುತ್ತದೆ. ಆದ್ದರಿಂದಲೇ ರೆಗ್ಯುಲೇಟರಿನ ಕೆಳಗೆ ತೇವ ಹಿಡಿಯುವ ಪಾರದರ್ಶಕ ಬಟ್ಟಲೊಂದನ್ನು ಜೋಡಿಸಿರುತ್ತಾರೆ. ಆಷಾಢದ ಮಳೆಯಲ್ಲಿ ಮಂಗಳೂರಿನಲ್ಲೋ ಉಡುಪಿಯಲ್ಲೋ ಕೂತು ಬಣ್ಣ ಹಚ್ಚುವವರಿಗೆ ಈ ಬಟ್ಟಲು ಐಚ್ಛಿಕವಲ್ಲ, ಮತ್ತು ಟ್ಯಾಂಕಿನ ಅಡಿಯ ತಿರುಪನ್ನು ಪ್ರತಿ ಸಲವೂ ಬಿಚ್ಚಿ ನೀರು ಬಸಿಯದಿದ್ದರೆ ಉಕ್ಕಿನ ಟ್ಯಾಂಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಬಣ್ಣವನ್ನು ಹಾಲಿನ ಹದಕ್ಕೆ ತೆಳುಮಾಡುವುದು, ಮೂಗಿಗೆ ಮಾಸ್ಕ್ ಕಟ್ಟುವುದು, ಕಿಟಕಿ ತೆರೆದಿಡುವುದು ಎಲ್ಲರೂ ಹೇಳುವ ಮಾತುಗಳೇ. ನಿಜವಾದ ಶಿಸ್ತು ಕೆಲಸ ಮುಗಿದ ಮೇಲೆ ಬರುತ್ತದೆ: ಹತ್ತು ನಿಮಿಷದ ಬಣ್ಣಕ್ಕೆ ಹದಿನೈದು ನಿಮಿಷದ ತೊಳೆಯುವಿಕೆ ಎಂಬ ಲೆಕ್ಕವನ್ನು ಒಪ್ಪಿಕೊಂಡವರಿಗೆ ಮಾತ್ರ ಈ ಹವ್ಯಾಸ ಒಲಿಯುತ್ತದೆ. ಹಾಗೆ ತೊಳೆಯುವಾಗ ಸೂಜಿಯ ತುದಿ ಬಟ್ಟಲಿನ ಅಂಚಿಗೆ ಒಮ್ಮೆ ತಗುಲಿದರೂ ಕಣ್ಣಿಗೆ ಕಾಣದಷ್ಟು ಬಾಗಿ, ಮರುದಿನ ಬಣ್ಣ ಒಂದು ಪಕ್ಕಕ್ಕೇ ಹಾರುತ್ತದೆ. ಏರ್‌ಬ್ರಷ್ ಕೊಳ್ಳುವ ದಿನವೇ ಅದೇ ಅಳತೆಯ ಇನ್ನೊಂದು ಸೂಜಿಯನ್ನೂ ಕೊಂಡಿಟ್ಟುಕೊಳ್ಳಬೇಕು.